ಯಾವ ಗೌರಿ?

2017ರ ಸೆಪ್ಟೆಂಬರ್ 6ರ ಬೆಳಿಗ್ಗೆ ನಮ್ಮೂರು ಗಾದಿಗನೂರಿನಲ್ಲಿ, ವಗ್ಗರಣಿ-ಮಿರ್ಚಿ ಕಟ್ಟಿಕೊಡುವ ಹೋಟೆಲಿನ ಬೆಂಚಿನ ಮೇಲೆ ಪೇಪರು ಕೈಯಿಂದ ಕೈಗೆ ಹೋಗುತ್ತಿತ್ತು. ಹಿಂದಿನ ರಾತ್ರಿ ಎಂಟರ ಹೊತ್ತಿಗೆ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ, ಮನೆಯ ಬಾಗಿಲಲ್ಲೇ ಗೌರಿ ಲಂಕೇಶ್ ಅವರನ್ನು ಗುಂಡಿಟ್ಟು ಕೊಂದ ಸುದ್ದಿ ಅದರಲ್ಲಿತ್ತು. ಓದು ಬಾರದ ಹಿರಿಯ ಹೆಣ್ಣುಮಗಳೊಬ್ಬಳು ಫೋಟೋ ನೋಡಿ ಕೇಳಿದಳು: "ಯಾವ ಗೌರಿನಪ್ಪಾ ಈಕಿ? ಏನ್ ಬರದಿದ್ಲಂತ?" ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ. ಗೊತ್ತಿತ್ತು, ಆದರೆ ಗಂಟಲು ಕಟ್ಟಿತ್ತು.

ಆರು ದಿನ ಕಳೆದು, ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಸಾವಿರಾರು ಜನ "ನಾನು ಗೌರಿ" ಎಂಬ ಫಲಕ ಹಿಡಿದು ನಡೆದರು. ಕಣ್ಣು ತುಂಬಿಸಿದ ನಡಿಗೆ ಅದು. ಆದರೆ ಅಂದಿನಿಂದ ಇಂದಿನವರೆಗೆ ನನ್ನ ಕಿವಿಯಲ್ಲಿ ಉಳಿದಿರುವುದು ಹೋಟೆಲಿನ ಬೆಂಚಿನ ಬಳಿ ಕೇಳಿದ ಪ್ರಶ್ನೆ. ಬೆಂಗಳೂರು "ನಾನು ಗೌರಿ" ಅಂದಾಗ ನಮ್ಮೂರು "ಯಾವ ಗೌರಿ?" ಅಂತಿತ್ತು. ಮಾನವ ಹಕ್ಕಿಗಾಗಿ, ಪ್ರಜಾಪ್ರಭುತ್ವಕ್ಕಾಗಿ ಪತ್ರಕರ್ತೆಯೊಬ್ಬಳು ನಡೆಸುವ ಅಹಿಂಸಾತ್ಮಕ ಹೋರಾಟ ಎಷ್ಟು ದೂರ ಮುಟ್ಟುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಅಳೆಯುವವರು ಈ ಎರಡನೆಯ ಮಾತನ್ನೂ ಕೇಳಿಸಿಕೊಳ್ಳಬೇಕು.

ಗೌರಿ ಹುಟ್ಟಿದ್ದು 1962ರ ಜನವರಿ 29ರಂದು, ಶಿವಮೊಗ್ಗದಲ್ಲಿ. ತಂದೆ ಪಿ. ಲಂಕೇಶ್, ತಾಯಿ ಇಂದಿರಾ. ಬಹುಕಾಲ ಬರೆದದ್ದು ಇಂಗ್ಲಿಷಿನಲ್ಲಿ: ಟೈಮ್ಸ್ ಆಫ್ ಇಂಡಿಯಾ, ಸಂಡೇ ವಾರಪತ್ರಿಕೆ, ಆಮೇಲೆ ದೆಹಲಿಯಲ್ಲಿ ಈಟಿವಿ. 2000ದ ಜನವರಿಯಲ್ಲಿ ತಂದೆ ತೀರಿಕೊಂಡಾಗ ಆಕೆಗೆ ಮೂವತ್ತೆಂಟು ತುಂಬುವುದರಲ್ಲಿತ್ತು. ಅವರ 'ಲಂಕೇಶ್ ಪತ್ರಿಕೆ'ಯನ್ನು ನಿಲ್ಲಿಸಿಬಿಡೋಣ ಎಂಬ ಯೋಚನೆ ಮನೆಯಲ್ಲಿ ಬಂದಿತ್ತು. ನಿಲ್ಲಲಿಲ್ಲ, ಗೌರಿ ಸಂಪಾದಕಿಯಾದರು. ಕನ್ನಡದಲ್ಲಿ ಬರೆದು ರೂಢಿಯಿಲ್ಲದವರು ವಾರವಾರ ಕನ್ನಡದ ಸಂಪಾದಕೀಯ ಬರೆಯಬೇಕಾಯಿತು. ಮೊದಮೊದಲ ವರ್ಷಗಳ ಬರಹದಲ್ಲಿ ತಡವರಿಕೆ ಎದ್ದು ಕಾಣುತ್ತದೆ, ಅಪ್ಪನ ಗದ್ಯದ ಪಕ್ಕ ಇಟ್ಟರಂತೂ ಇನ್ನಷ್ಟು. ಮುಚ್ಚುಮರೆ ಬೇಡ, ಗೌರಿ ದೊಡ್ಡ ಗದ್ಯಗಾರ್ತಿಯಲ್ಲ. ಆದರೆ ನಡುವಯಸ್ಸಿನಲ್ಲಿ ಒಂದು ಭಾಷೆಗೆ ಮರಳಿ, ಅದರಲ್ಲೇ ಜಗಳವಾಡಿ, ಅದರಲ್ಲೇ ಕೋರ್ಟಿನ ಕಟಕಟೆ ಹತ್ತಿ, ಅದರಲ್ಲೇ ಜೀವ ಬಿಟ್ಟ ಸಂಪಾದಕಿ ನಮಗೆ ಬೇರೆ ಯಾರಿದ್ದಾರೆ?

2005ರಲ್ಲಿ ನಕ್ಸಲರ ಕುರಿತ ಒಂದು ವರದಿಯ ವಿಚಾರಕ್ಕೆ ತಮ್ಮನೊಡನೆ ಭಿನ್ನಾಭಿಪ್ರಾಯ ಬಂದು ಹೊರನಡೆದು, ತಮ್ಮದೇ 'ಗೌರಿ ಲಂಕೇಶ್ ಪತ್ರಿಕೆ' ಆರಂಭಿಸಿದರು. ಜಾಹೀರಾತು ತೆಗೆದುಕೊಳ್ಳಬಾರದೆಂಬ ಅಪ್ಪನ ಕಟ್ಟುಪಾಡು ಅಲ್ಲೂ ಮುಂದುವರಿಯಿತು. ಪ್ರತಿ ಕೊಂಡವರ ದುಡ್ಡಿನಲ್ಲೇ ಕಾಗದ, ಅಚ್ಚು, ಸಂಬಳ. ಗಣಿ ಸೀಮೆಯಲ್ಲಿ ಬೆಳೆದ ನಮ್ಮಂಥವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಅದಿರು ಲಾರಿಗಳು ಹಗಲು-ರಾತ್ರಿ ಓಡಿ ಹೊಸಪೇಟೆ-ಬಳ್ಳಾರಿ ದಾರಿಯ ಮರಗಳೆಲ್ಲ ಕೆಂಪಗಾಗಿದ್ದ ದಿನಗಳಲ್ಲಿ ಊರೂರ ಹಬ್ಬಕ್ಕೂ ಶುಭಾಶಯದ ಜಾಹೀರಾತು ಯಾರು ಕೊಡುತ್ತಿದ್ದರೆಂಬುದು ಇಲ್ಲಿ ಗುಟ್ಟಲ್ಲ.

ಆಕೆಯ ಮೇಲೆ ಬಂದ ಆಕ್ಷೇಪಗಳಲ್ಲಿ ಹೆಚ್ಚು ತೂಕದ್ದು ಇದು: ಗೌರಿ ಪತ್ರಕರ್ತೆಯಾಗಿ ಉಳಿಯಲಿಲ್ಲ, ಹೋರಾಟಗಾರ್ತಿಯಾದರು, ಸುದ್ದಿ ಬರೆಯುವವರು ಧರಣಿಯಲ್ಲಿ ಕೂತರೆ ಸುದ್ದಿಗೆ ಮಾನವಿಲ್ಲ. ಇದನ್ನು ಹೇಳಿದವರಲ್ಲಿ ಆಕೆಯನ್ನು ಪ್ರೀತಿಸಿದವರೂ ಇದ್ದರು. ಈ ಮಾತನ್ನು ತೂಗಬೇಕಾದರೆ ಕನ್ನಡದ ಹೆಣ್ಣುಮಕ್ಕಳು ಪತ್ರಿಕೆಗೆ ಬಂದ ದಾರಿಯನ್ನು ನೋಡಬೇಕು.

ನಂಜನಗೂಡು ತಿರುಮಲಾಂಬ ಬಾಲವಿಧವೆ. 1913ರಲ್ಲಿ 'ಸತಿ ಹಿತೈಷಿಣಿ' ಎಂಬ ಗ್ರಂಥಮಾಲೆ ತೆರೆದು, ಕೆಲವು ವರ್ಷಗಳಲ್ಲೇ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನು ತಾವೇ ಸಂಪಾದಿಸಿ ತಾವೇ ಪ್ರಕಟಿಸಿದರು. ಗಂಡ ಸತ್ತ ಹೆಣ್ಣು ಮುಂಬಾಗಿಲಿಗೆ ಬರುವುದೇ ಅಪಶಕುನವೆಂಬ ಕಾಲದಲ್ಲಿ ಆಕೆಯ ಹೆಸರು ಅಚ್ಚಾಗಿ ಊರೂರಿಗೆ ಅಂಚೆಯಲ್ಲಿ ಹೋಗುತ್ತಿತ್ತು. ಅವರ ಬಳಿಕ ಬಂದ ಆರ್. ಕಲ್ಯಾಣಮ್ಮನವರದೂ ಅದೇ ಬದುಕು, ಅದೇ ಹಟ; 'ಸರಸ್ವತಿ' ಪತ್ರಿಕೆಯನ್ನು ಸುಮಾರು ನಾಲ್ಕು ದಶಕ ನಡೆಸಿದರು, ಮಕ್ಕಳ ಕೂಟ ಕಟ್ಟಿದರು. ಇವರು ಬರೆದದ್ದರಲ್ಲಿ ಇಂದು ಸಂಪ್ರದಾಯಸ್ಥವೆನಿಸುವ ಮಾತು ಎಷ್ಟೋ ಇದೆ. ಆದರೂ ಪತ್ರಿಕೆ ಮಾಡುವುದು ಬೇರೆ, ಹೋರಾಡುವುದು ಬೇರೆ ಎಂಬ ಗೆರೆ ಇವರ ಬಾಳಿನಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಪೆನ್ನು ಹಿಡಿಯುವ ಹಕ್ಕಿಗಾಗಿಯೇ ಮೊದಲ ಜಗಳ. ಹುಟ್ಟಿನಿಂದಲೇ ಜಗಳದಲ್ಲಿದ್ದವರಿಗೆ ತಟಸ್ಥರಾಗಿ ಎಂದು ಬುದ್ಧಿ ಹೇಳುವುದು ಸುಲಭ.

ಆಮೇಲಿನ ದೊಡ್ಡ ತಿರುವು 1980ರಲ್ಲಿ ಆರಂಭವಾದ 'ಲಂಕೇಶ್ ಪತ್ರಿಕೆ'. ಅದರ ಹೆಸರಿನ ಜೊತೆಗಿದ್ದ 'ಜಾಣ ಜಾಣೆಯರ ಪತ್ರಿಕೆ' ಎಂಬ ಮಾತಿನಲ್ಲಿ ಜಾಣೆಯರು ಅಲಂಕಾರಕ್ಕೆ ಇರಲಿಲ್ಲ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಬಂದದ್ದು ಅಲ್ಲಿ. ಹಾಸನದ ಬಾನು ಮುಷ್ತಾಕ್ ಆ ಪತ್ರಿಕೆಗೆ ವರದಿಗಾರ್ತಿಯಾಗಿದ್ದರು. ಕತೆಗಾರ್ತಿ, ವಕೀಲೆ, ನಗರಸಭೆಯ ಸದಸ್ಯೆ, ಹೀಗೆ ಹಲವು ಕೆಲಸ ಮಾಡಿದ ಅವರು 2000ದಲ್ಲಿ ಹೆಣ್ಣುಮಕ್ಕಳಿಗೆ ಮಸೀದಿ ಪ್ರವೇಶದ ಹಕ್ಕು ಇದೆ ಎಂದದ್ದಕ್ಕೆ ತಮ್ಮ ಸಮುದಾಯದವರಿಂದಲೇ ಬಹಿಷ್ಕಾರ ಅನುಭವಿಸಿದರು; ಚೂರಿ ಹಿಡಿದು ಬಂದವನನ್ನು ಪತಿಯೇ ಹಿಡಿದು ನಿಲ್ಲಿಸಬೇಕಾಯಿತು. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿ ಅನುವಾದಿಸಿದ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬುಕರ್ ಬಂತು. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ ವಿರೋಧಿಸಿದವರು ಸುಪ್ರೀಂ ಕೋರ್ಟಿನವರೆಗೂ ಹೋದರು, ಅಲ್ಲಿ ಸೋತರು. ಒಂದು ಕಡೆಯವರು ಬಹಿಷ್ಕರಿಸಿದರು, ಇಪ್ಪತ್ತೈದು ವರ್ಷದ ಮೇಲೆ ಇನ್ನೊಂದು ಕಡೆಯವರು ಬೇಡವೆಂದರು. ಬಾನು ಅವರು ಎರಡಕ್ಕೂ ಉತ್ತರ ಕೊಟ್ಟದ್ದು ಬರೆದು, ಮಾತಾಡಿ ಮಾತ್ರ.

ಗೌರಿಯೂ ಬಾನು ಅವರೂ ಒಂದೇ ದನಿಯಾದದ್ದು ಬಾಬಾಬುಡನ್‌ಗಿರಿಯ ವಿಚಾರದಲ್ಲಿ. ಚಿಕ್ಕಮಗಳೂರಿನ ಆ ಬೆಟ್ಟದ ಗುಹೆಯಲ್ಲಿ ದತ್ತಾತ್ರೇಯನೆಂದೂ ದಾದಾ ಹಯಾತ್ ಎಂದೂ ಕೈಮುಗಿಯುವವರು ಒಟ್ಟಿಗೇ ಬರುತ್ತಿದ್ದರು. ಅದನ್ನು ಒಂದೇ ಧರ್ಮದ ಪೀಠವಾಗಿಸುವ ಚಳವಳಿ ಜೋರಾದಾಗ ಕೋಮು ಸೌಹಾರ್ದ ವೇದಿಕೆ ಎದ್ದು ನಿಂತಿತು. ಗೌರಿ ಅದರ ಮುಂಚೂಣಿಯಲ್ಲಿದ್ದರು, ಬಂಧನಕ್ಕೂ ಒಳಗಾದರು. ಇದು ಮಲೆನಾಡಿನ ಜಗಳ, ನಮಗೇನು ಎನ್ನುವಂತಿಲ್ಲ. ಬಳ್ಳಾರಿ, ಸಂಡೂರು, ಕಂಪ್ಲಿ ಸೀಮೆಯಲ್ಲಿ ಮೊಹರಮ್ಮಿಗೆ ಪೀರಲ ದೇವರು ಹೊರುವವರು, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರು, ಸಕ್ಕರೆ ಓದಿಸುವವರು ಯಾವ ಜಾತಿ ಎಂದು ಕೇಳಿ ನೋಡಿ. ಮುಸ್ಲಿಮರ ಮನೆ ಒಂದೂ ಇಲ್ಲದ ಊರಲ್ಲೂ ಪೀರಲು ಕೂರುತ್ತವೆ. ಗೌರಿ ಬೆಟ್ಟದ ಮೇಲೆ ನಿಂತು ಕಾಯಲು ಹೊರಟದ್ದು ನಮ್ಮ ಊರಿನ ಗುಡಿಕಟ್ಟೆಯ ಬದುಕನ್ನೇ. ಇದನ್ನು ನಮಗೆ ನಮ್ಮ ಮಾತಿನಲ್ಲಿ ಹೇಳುವವರು ಆಗ ಯಾರೂ ಇರಲಿಲ್ಲ.

ಇನ್ನು ಬಂದೂಕಿನ ಮಾತು. ಗೌರಿಯನ್ನು ನಕ್ಸಲ್ ಬೆಂಬಲಿಗರೆಂದು ಕರೆದವರು ಬಹಳ. 2004ರಲ್ಲಿ ಮಲೆನಾಡಿನ ಕಾಡಿನಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ನಡೆಸಿದ ಪತ್ರಿಕಾಗೋಷ್ಠಿಗೆ ಬೇರೆ ಪತ್ರಕರ್ತರೊಡನೆ ಅವರೂ ಹೋಗಿದ್ದರು, ನಿಜ. 2005ರ ಫೆಬ್ರುವರಿಯಲ್ಲಿ ಸಾಕೇತ್ ಪೊಲೀಸರ ಗುಂಡಿಗೆ ಸತ್ತರು. ಗೌರಿ ಅಲ್ಲಿಂದ ಮುಂದೆ ಮಾಡಿದ್ದನ್ನು ಹಣೆಪಟ್ಟಿ ಹಚ್ಚುವವರು ಹೇಳುವುದಿಲ್ಲ. ಹಿರಿಯ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ ಮುಂತಾದವರ ಜೊತೆ ಸೇರಿ, ಸರ್ಕಾರ ಗುಂಡು ನಿಲ್ಲಿಸಲಿ, ಕಾಡಿನವರು ಬಂದೂಕು ಇಡಲಿ ಎಂದು ಎರಡೂ ಕಡೆ ಓಡಾಡಿದರು. ಆ ಓಡಾಟ ಹತ್ತು ವರ್ಷ ನಡೆದು, 2014ರ ಡಿಸೆಂಬರಿನಲ್ಲಿ ನಕ್ಸಲ್ ಚಳವಳಿಯಲ್ಲಿದ್ದ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಮುಖ್ಯವಾಹಿನಿಗೆ ಬಂದರು. ಆಕೆ ಸತ್ತು ಏಳು ವರ್ಷದ ಮೇಲೆ, 2025ರ ಜನವರಿಯಲ್ಲಿ, ಇನ್ನೂ ಆರು ಮಂದಿ ಮುಖ್ಯಮಂತ್ರಿಯ ಮುಂದೆ ಬಂದು ಶರಣಾದರು. ಮಾತುಕತೆಯ ಆ ಕಾಲುದಾರಿಯನ್ನು ಸವೆಸಿದ ಕೆಲವೇ ಜನರಲ್ಲಿ ಗೌರಿ ಒಬ್ಬರು. ಅಂಥವಳನ್ನು ಕೊಂದದ್ದು ಬಂದೂಕೇ.

ಅಹಿಂಸೆ ಎಂದೊಡನೆ ನಮಗೆ ಮೆಲುದನಿ ನೆನಪಾಗುತ್ತದೆ. ಗೌರಿಯ ದನಿ ಮೆಲುವಾಗಿರಲಿಲ್ಲ. ಚುಚ್ಚುತ್ತಿದ್ದರು, ಅಡ್ಡಹೆಸರು ಇಟ್ಟು ಕರೆಯುತ್ತಿದ್ದರು, ಕೆಲವೊಮ್ಮೆ ಕೈಯಲ್ಲಿರುವ ಪುರಾವೆಗಿಂತ ನಾಲಿಗೆ ಮುಂದೆ ಓಡುತ್ತಿತ್ತು. ಟ್ಯಾಬ್ಲಾಯ್ಡ್ ಪರಂಪರೆಯ ಈ ಚಾಳಿ ಆಕೆಗೆ ನಷ್ಟವನ್ನೇ ತಂದಿತೆಂದು ನನ್ನ ಎಣಿಕೆ. 2008ರ ಒಂದು ವರದಿಗಾಗಿ ಬಿಜೆಪಿ ಮುಖಂಡರು ಹೂಡಿದ ಮಾನನಷ್ಟ ಮೊಕದ್ದಮೆಗಳಲ್ಲಿ 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಆರು ತಿಂಗಳ ಶಿಕ್ಷೆ ಕೊಟ್ಟಿತು. ಜಾಮೀನು ಪಡೆದು ಮೇಲ್ಮನವಿಗೆ ಸಿದ್ಧರಾದರು. ವರದಿ ತಪ್ಪಾದರೆ ತಿದ್ದುಪಡಿ ಹಾಕಿಸಬೇಕು, ಪರಿಹಾರ ಕೇಳಬೇಕು. ಜೈಲಿಗೆ ಹಾಕುವ ಕಾನೂನು ಏಕೆ ಬೇಕು? ಅದೇ 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ಎತ್ತಿಹಿಡಿಯಿತು. 2024ರ ಜುಲೈಯಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು 356ನೆಯ ಕಲಮಾಗಿ ಉಳಿದಿದೆ: ಎರಡು ವರ್ಷದವರೆಗೆ ಸೆರೆ, ಇಲ್ಲವೆ ದಂಡ, ಇಲ್ಲವೆ ಸಮುದಾಯ ಸೇವೆ. ದೊಡ್ಡ ಪತ್ರಿಕೆಗಳಿಗೆ ವಕೀಲರ ದಂಡು ಇದೆ. ತಾಲ್ಲೂಕಿನ ಸುದ್ದಿಗಾರ್ತಿಯೊಬ್ಬಳು ತಿಂಗಳಿಗೊಮ್ಮೆ ಬಸ್ಸು ಹತ್ತಿ ಬೇರೆ ಜಿಲ್ಲೆಯ ಕೋರ್ಟಿಗೆ ಹೋಗಬೇಕಾದರೆ ಆಕೆಗೆ ಆ ಓಡಾಟವೇ ಶಿಕ್ಷೆ. ಜಾಗತಿಕ ಪತ್ರಿಕಾ ಸ್ವಾತಂತ್ರ್ಯದ 2025ರ ಪಟ್ಟಿಯಲ್ಲಿ 180 ದೇಶಗಳ ಪೈಕಿ ನಾವು 151ರಲ್ಲಿ ಇರುವುದಕ್ಕೆ ಗುಂಡುಗಳಷ್ಟೇ ಕಾರಣವಲ್ಲ, ಇಂಥ ಸಮನ್ಸುಗಳೂ ಕಾರಣ.

ಕೊಲೆಯಾದ ವಾರದ ಸಂಚಿಕೆಗೆ 'ಕಂಡ ಹಾಗೆ' ಅಂಕಣದಲ್ಲಿ ಆಕೆ ಬರೆದಿದ್ದು ಸುಳ್ಳು ಸುದ್ದಿಗಳ ಕಾರ್ಖಾನೆಯ ಬಗ್ಗೆ. ತಾವೂ ಒಮ್ಮೆ ಸುಳ್ಳು ಚಿತ್ರವೊಂದನ್ನು ಹಂಚಿ ಬಳಿಕ ತಿದ್ದಿಕೊಂಡದ್ದನ್ನು ಒಪ್ಪಿಕೊಂಡವರು ಅವರು. ಆಗ ವಾಟ್ಸಾಪ್ ನಮ್ಮ ಊರುಗಳಿಗೆ ಆಗಷ್ಟೇ ಕಾಲಿಟ್ಟಿತ್ತು.

ಹಂಪಿಯ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಒಂದು ಸಂಬಂಧ ಎದೆಗೆ ತಾಕುತ್ತದೆ. ಕಮಲಾಪುರ ದಾಟಿದರೆ ಕನ್ನಡ ವಿಶ್ವವಿದ್ಯಾಲಯ. ಅಲ್ಲಿ 1998ರಿಂದ 2001ರವರೆಗೆ ಕುಲಪತಿಯಾಗಿದ್ದವರು ಎಂ.ಎಂ. ಕಲಬುರ್ಗಿ. ವಚನಗಳನ್ನೂ ಶಾಸನಗಳನ್ನೂ ಓದಿ, ಓದಿದ್ದನ್ನು ಹೇಳಿದ್ದಕ್ಕೆ 2015ರ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲಿ ಅವರನ್ನು ಕೊಂದರು. ಗೌರಿ ಆ ಸಾವಿನ ಬಗ್ಗೆ ನ್ಯಾಯ ಕೇಳುತ್ತಲೇ ಇದ್ದರು. ಎರಡು ವರ್ಷ ತುಂಬಿ ವಾರವೂ ಕಳೆದಿರಲಿಲ್ಲ, ಆಕೆಯೂ ಹೋದರು. ಇಬ್ಬರನ್ನೂ ಕೊಂದದ್ದು 7.65 ಎಂಎಂ ಗುಂಡಿನ ಒಂದೇ ನಾಡಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ವರದಿ ಕೊಟ್ಟಿತು. ಮೊದಲ ಕೊಲೆಯ ತನಿಖೆ ಚುರುಕಾಗಿ ನಡೆದಿದ್ದರೆ ಎರಡನೆಯದು ತಪ್ಪುತ್ತಿತ್ತೇ? ಈ ಪ್ರಶ್ನೆಯನ್ನು ಸರ್ಕಾರಕ್ಕೆ ಕೇಳುವುದು ನಮ್ಮ ಹಕ್ಕು.

ಗೌರಿ ಪ್ರಕರಣದ ವಿಶೇಷ ತನಿಖಾ ದಳ ಶ್ರಮಪಟ್ಟು ಕೆಲಸ ಮಾಡಿತು. 2018ರ ನವೆಂಬರಿನಲ್ಲಿ ಒಂಬತ್ತು ಸಾವಿರ ಪುಟ ಮೀರಿದ ಆರೋಪಪಟ್ಟಿ, ಹದಿನೆಂಟು ಆರೋಪಿಗಳು, ಐನೂರಕ್ಕೂ ಹೆಚ್ಚು ಸಾಕ್ಷಿಗಳು. ವಿಚಾರಣೆ ಆರಂಭವಾಗಲು 2022ರ ಜುಲೈ ಬರಬೇಕಾಯಿತು. ಅಷ್ಟರಲ್ಲಿ ಐದು ವರ್ಷ. ವಿಚಾರಣೆ ಎಳೆದಂತೆ ಆರೋಪಿಗಳಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು. ಜಾಮೀನು ಕಾನೂನು ಕೊಡುವ ಹಕ್ಕು. ಮಾನವ ಹಕ್ಕಿನ ಪರ ಬರೆದವಳ ಪ್ರಕರಣದಲ್ಲಿ ಅದನ್ನು ನಾವು ಮರೆಯಬಾರದು. ತೀರ್ಪು ತಡವಾಗುತ್ತಿರುವುದನ್ನು ಮಾತ್ರ ಸಹಿಸಲಾಗದು.

ಆರೋಪಪಟ್ಟಿಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಊರುಗಳ ಹೆಸರು. ಗುಂಡು ಹಾರಿಸಿದನೆಂದು ತನಿಖಾ ದಳ ಹೇಳುವ ಯುವಕ ಸಿಂದಗಿಯವನು. ಹುಬ್ಬಳ್ಳಿಯ ಹೆಸರೂ ಬರುತ್ತದೆ. ಎಲ್ಲ ನಮ್ಮ ಬಯಲುಸೀಮೆಯ ಊರುಗಳೇ, ನಮ್ಮಂಥವೇ ಬಸ್‌ಸ್ಟ್ಯಾಂಡು, ನಮ್ಮಂಥವೇ ಚಹಾ ಅಂಗಡಿ. ಆ ಬಸ್‌ಸ್ಟ್ಯಾಂಡುಗಳ ಪೇಪರ್ ಅಂಗಡಿಯಲ್ಲೇ ಒಂದು ಕಾಲಕ್ಕೆ ಲಂಕೇಶರ ಪತ್ರಿಕೆ ಹಗ್ಗಕ್ಕೆ ಜೋತುಬಿದ್ದಿರುತ್ತಿತ್ತು. ನಾನೂ ಹೊಸಪೇಟೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತೇ ಅರ್ಧ ಓದಿ ಮುಗಿಸಿದವನು. ಆರೋಪ ನಿಜವೋ ಅಲ್ಲವೋ ಕೋರ್ಟು ಹೇಳುತ್ತದೆ. ಗೌರಿ ಯಾರು, ಏನು ಬರೆದಳು ಎಂದು ತಿಳಿಯದೆಯೇ ಆಕೆಯನ್ನು ದ್ವೇಷಿಸುವ ಹುಡುಗರು ಆಗಲೇ ಬೆಳೆದಿದ್ದರು ಎಂಬುದಕ್ಕೆ ಮಾತ್ರ ಕೋರ್ಟು ಬೇಕಿಲ್ಲ. ಕೊಲೆಯ ಮರುದಿನ ಫೋನುಗಳಲ್ಲಿ ಹರಿದಾಡಿದ ಸಂಭ್ರಮವನ್ನು ನಾವೆಲ್ಲ ಕಂಡಿದ್ದೇವೆ. "ಯಾವ ಗೌರಿ?" ಎಂದು ಕೇಳಿದ ಆ ಹೆಣ್ಣುಮಗಳಿಗೆ ನಾವು ಉತ್ತರ ಕೊಡದೆ ಬಿಟ್ಟ ಜಾಗದಲ್ಲಿ ಬೇರೆ ಯಾರೋ ಉತ್ತರ ತುಂಬಿಟ್ಟಿದ್ದರು.

ಜಗತ್ತಿನ ಕಡೆ ನೋಡಿದರೂ ಇದೇ ಕತೆ ಬೇರೆ ಬೇರೆ ರೂಪದಲ್ಲಿ ಕಾಣುತ್ತದೆ. ಯೆಮೆನ್‌ನ ಪತ್ರಕರ್ತೆ ತವಕ್ಕುಲ್ ಕರ್ಮಾನ್ ರಾಜಧಾನಿ ಸನಾದ ಚೌಕದಲ್ಲಿ ಡೇರೆ ಹಾಕಿ ಕೂತವರು. ಕೈಯಲ್ಲಿ ಬಂದೂಕಿರುವುದೇ ಗಂಡಸುತನ ಎನ್ನುವ ನಾಡಿನಲ್ಲಿ ಬರಿಗೈಯಲ್ಲಿ ಬನ್ನಿ ಎಂದು ಜನರನ್ನು ಕರೆದರು. 2011ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡರು. ಆಮೇಲೆ ಯೆಮೆನ್ ಯುದ್ಧಕ್ಕೆ ಬಿದ್ದದ್ದನ್ನೂ ನೆನೆಯಬೇಕು, ಅಹಿಂಸೆ ಎಲ್ಲ ಸಲ ಗೆಲ್ಲುವುದಿಲ್ಲ. ರಷ್ಯಾದ ಅನ್ನಾ ಪೊಲಿಟ್‌ಕೋವ್‌ಸ್ಕಾಯಾ 2006ರಲ್ಲಿ ಕೊಲೆಯಾದರು. ಅವರ ಹೆಸರಿನ ಪ್ರಶಸ್ತಿಯನ್ನು 2017ರಲ್ಲಿ ಗೌರಿಗೆ ಮರಣೋತ್ತರವಾಗಿ ಕೊಟ್ಟರು. ನನಗೆ ಹೆಚ್ಚು ಪಾಠ ಕಾಣುವುದು ಮಾಲ್ಟಾದ ಡ್ಯಾಫ್ನೆ ಕರುವಾನಾ ಗಲಿಝಿಯಾ ಅವರ ಪ್ರಕರಣದಲ್ಲಿ. ಗೌರಿ ಸತ್ತು ನಲವತ್ತೊಂದು ದಿನಕ್ಕೆ ಅವರ ಕಾರಿಗೆ ಬಾಂಬಿಟ್ಟರು. ಮನೆಯವರೂ ಜನರೂ ಬಿಡದೆ ಕೂತು ಸಾರ್ವಜನಿಕ ವಿಚಾರಣೆ ಮಾಡಿಸಿದರು. 2021ರಲ್ಲಿ ಬಂದ ಆ ವರದಿ, ಇಂಥದ್ದು ಮಾಡಿಯೂ ದಕ್ಕಿಸಿಕೊಳ್ಳಬಹುದೆಂಬ ವಾತಾವರಣ ಬೆಳೆಸಿದ್ದಕ್ಕೆ ಸರ್ಕಾರವೇ ಹೊಣೆ ಎಂದಿತು. ಕೊಂದವರು ಯಾರೆಂದು ಪೊಲೀಸರು ಹುಡುಕುವುದರ ಜೊತೆಗೆ ಕೊಲ್ಲುವ ಗಾಳಿ ಯಾರು ಬೀಸಿದರೆಂದೂ ಕೇಳಬಹುದು ಎಂದು ಅಷ್ಟು ಪುಟ್ಟ ದೇಶ ತೋರಿಸಿತು. ಕಲಬುರ್ಗಿ ಮತ್ತು ಗೌರಿಯ ವಿಷಯದಲ್ಲಿ ನಮ್ಮಲ್ಲಿ ಅಂಥ ವಿಚಾರಣೆ ನಡೆದಿಲ್ಲ.

ಹತ್ತಿರದ ಉದಾಹರಣೆಯೂ ಇದೆ. ಉತ್ತರ ಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ಹಳ್ಳಿಯ ಹೆಣ್ಣುಮಕ್ಕಳು, ಹೆಚ್ಚಾಗಿ ದಲಿತರು, 'ಖಬರ್ ಲಹರಿಯಾ' ಎಂಬ ಪತ್ರಿಕೆ ಶುರುಮಾಡಿದರು. ಅವರ ಮೇಲೆ ಬಂದ 'ರೈಟಿಂಗ್ ವಿತ್ ಫೈರ್' ಚಿತ್ರ ಆಸ್ಕರ್ ನಾಮನಿರ್ದೇಶನದವರೆಗೂ ಹೋಯಿತು. ಕಲ್ಲುಗಣಿಯ ಅಕ್ರಮ, ಬಲಾತ್ಕಾರದ ದೂರು ದಾಖಲಿಸದ ಠಾಣೆ, ಬಾರದ ಕರೆಂಟು, ಇವೇ ಅವರ ಸುದ್ದಿ. ಬರೆದದ್ದು ತಮ್ಮ ಊರಿನ ಆಡುಮಾತಿನಲ್ಲಿ.

ಅವರ ಬಗ್ಗೆ ಓದಿದಾಗಲೆಲ್ಲ ನನ್ನ ಕಣ್ಣು ಸಂಡೂರಿನ ಬೆಟ್ಟಗಳ ಕಡೆ ತಿರುಗುತ್ತದೆ. ಗಣಿಗಾರಿಕೆಯ ಅಕ್ರಮದ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಅಂತಿಮ ವರದಿ ಕೊಟ್ಟದ್ದು 2011ರ ಜುಲೈ 27. ಎರಡೇ ದಿನಕ್ಕೆ, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ, ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಕಲ್ಲು ತೂರದೆ, ಕಾಗದ ಕೂಡಿಸಿ ಗೆದ್ದ ಹೋರಾಟ ಅದು. ಆದರೆ ಆ ಕಾಲದ ವರದಿಗಳನ್ನು ಇಂದು ತೆಗೆದು ಓದಿ: ಲಾರಿಗಳ ಲೆಕ್ಕವಿದೆ, ಕೋಟಿಗಳ ಲೆಕ್ಕವಿದೆ. ಗಣಿಯ ಬದಿಯಲ್ಲಿ ಅದಿರು ಆರಿಸುತ್ತ ಬೆನ್ನಿಗೆ ಕೂಸು ಕಟ್ಟಿಕೊಂಡಿದ್ದ ತಾಯಂದಿರು ಅಲ್ಲಲ್ಲಿ ಒಂದು ಫೋಟೋ ಆಗಿ ಬಂದು ಹೋಗುತ್ತಾರೆ. ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಬದುಕು ಇದೇ ಸೀಮೆಯದು. 1982ರಲ್ಲಿ ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾನೂನು ಬಂದರೂ ಅವರ ಸುದ್ದಿ ಪೇಪರಿಗೆ ಬರುವುದು ಬಹುಮಟ್ಟಿಗೆ ಅಧಿಕಾರಿಗಳ ಸಭೆ ನಡೆದ ದಿನ. ಈ ಸಂಗತಿಗಳನ್ನು ಒಳಗಿನಿಂದ ಬರೆಯಬಲ್ಲ ವರದಿಗಾರ್ತಿಯರು ತಾಲ್ಲೂಕು ಮಟ್ಟದಲ್ಲಿ ಬೆರಳೆಣಿಕೆಗೂ ಸಿಗುವುದಿಲ್ಲ. ಬಿಡಿಸುದ್ದಿಗೆ ಇಷ್ಟು ಎಂದು ಕೊಡುವ ಪುಡಿಗಾಸು, ಜಾಹೀರಾತು ತರಲೇಬೇಕೆಂಬ ಕಟ್ಟಳೆ, ರಾತ್ರಿ ಠಾಣೆಗೆ ಹೋದರೆ ಊರು ಆಡುವ ಮಾತು. ಕನ್ನಡ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನ ಓದಿದ ಹುಡುಗಿಯರು ಇದ್ದಾರೆ, ಬರೆಯಬಲ್ಲವರೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಬಿ.ಇಡಿ. ಮುಗಿಸಿ ಶಾಲೆ ಸೇರುತ್ತಾರೆ, ಇಲ್ಲವೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ.

ಪತ್ರಕರ್ತೆ ಹೋರಾಟಗಾರ್ತಿ ಆಗಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಆಗಬಹುದು, ತನ್ನ ನಿಲುವನ್ನು ಬಚ್ಚಿಡದಿದ್ದರೆ, ತಪ್ಪಿದಾಗ ತಿದ್ದಿಕೊಂಡರೆ, ತನ್ನವರ ತಪ್ಪನ್ನೂ ಬರೆದರೆ. ಗೌರಿ ಮೊದಲನೆಯದನ್ನು ಪೂರ್ತಿ ಮಾಡಿದರು, ಎರಡನೆಯದನ್ನು ಸಾಕಷ್ಟು, ಮೂರನೆಯದನ್ನು ಇನ್ನೂ ಹೆಚ್ಚು ಮಾಡಬೇಕಿತ್ತು. ಬಾನು ಮುಷ್ತಾಕ್ ಆ ಮೂರನೆಯದನ್ನು ಮಾಡಿ ಬೆಲೆ ತೆತ್ತರು.

ಕೊಲೆಯ ಮೊದಲ ವರ್ಷಾಚರಣೆಯಲ್ಲಿ ಗಿರೀಶ ಕಾರ್ನಾಡರು ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಕೊಂಡೇ, ನಾನೂ ನಗರ ನಕ್ಸಲ ಎಂಬ ಫಲಕ ಕೊರಳಿಗೆ ಕಟ್ಟಿಕೊಂಡು ಕೂತಿದ್ದರು. ಕೊಲೆಗಾರರು ಗುರಿಯಿಟ್ಟವರ ಪಟ್ಟಿಯಲ್ಲಿ ಅವರ ಹೆಸರೂ ಇತ್ತೆಂದು ತನಿಖೆಯಿಂದ ಹೊರಬಿದ್ದಿತ್ತು. ಈಗಲೂ ಪ್ರತಿ ಸೆಪ್ಟೆಂಬರ್ 5ರಂದು ಚಾಮರಾಜಪೇಟೆಯ ರುದ್ರಭೂಮಿಯಲ್ಲಿ ಗೌರಿಯ ಸಮಾಧಿಯ ಬಳಿ ಜನ ಸೇರುತ್ತಾರೆ.

ನಮ್ಮ ಕಡೆ ಗೌರಿ ಹುಣ್ಣಿಮೆಗೆ ಹುಡುಗಿಯರು ಸಕ್ಕರೆ ಆರತಿ ಹಿಡಿದು ಬೀದಿಗೆ ಬರುತ್ತಾರೆ. ಕೊಲೆಯಾದ ವರ್ಷದ ಹುಣ್ಣಿಮೆಯ ಸಂಜೆ ಆ ಹಿರಿಯ ಹೆಣ್ಣುಮಗಳು ಮತ್ತೆ ಸಿಕ್ಕಿದಳು, ಪ್ರಶ್ನೆಯನ್ನು ಮರೆತಿರಲಿಲ್ಲ. ಕಟ್ಟೆಯ ಮೇಲೆ ಕೂತು, ಬಾಬಾಬುಡನ್‌ಗಿರಿಯಿಂದ ಶುರುಮಾಡಿ, ನಮ್ಮ ಪೀರಲ ದೇವರನ್ನೂ ಸೇರಿಸಿ, ನನಗೆ ತಿಳಿದಷ್ಟು ಹೇಳಿದೆ. ನಡುವೆ ಆಕೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಕೇಳಿದಳು: "ಇಷ್ಟಕ್ಕ ಕೊಂದ್ರೇನಪ್ಪಾ? ಆಕಿ ಬರದಿದ್ದು ಮನ್ಯಾಗ ಐತೇನು? ಐತಂದ್ರ ನಮ್ಮ ಮೊಮ್ಮಗಳಿಗೆ ಕೊಡು, ಓದಿ ಹೇಳ್ತಾಳ."